ಹಿರಿಯರ ಮೇಲಿನ ದೌರ್ಜನ್ಯ ತಡೆ (ಕರ್ನಾಟಕ)

ಹಲ್ಲೆ, ಹೀಯಾಳಿಕೆ, ಆಸ್ತಿ ಕಬಳಿಕೆ, ಊಟ–ಔಷಧಿಗೂ ಪರದಾಡಿಸುವ ನಿರ್ಲಕ್ಷ್ಯ ಇವುಗಳಿಂದ 60 ವರ್ಷ ದಾಟಿದವರನ್ನು ಕಾಪಾಡಲು ಪೊಲೀಸರು, ಸ್ವಯಂಸೇವಾ ಸಂಸ್ಥೆಗಳು ಹಾಗೂ ಕಂದಾಯ ಅಧಿಕಾರಿಗಳು ಕೈಜೋಡಿಸುವ ವ್ಯವಸ್ಥೆ. ಇದರ ಚರಿತ್ರೆಯನ್ನು ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಜೀವನಾಂಶ ಹಾಗೂ ಕಲ್ಯಾಣಕ್ಕಾಗಿ ಬಂದ 2007ರ ಕಾಯ್ದೆಯಿಂದ ಆರಂಭಿಸುವ ರೂಢಿಯಿದೆ, ಅದು ಸರಿಯಲ್ಲ. ತಂದೆ-ತಾಯಿ ಜೀವನಾಂಶ ಕೇಳುವ ಹಕ್ಕು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲೂ 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲೂ ಇತ್ತು. ಹೆತ್ತ ಮಗನ ಮೇಲೆ ಕೋರ್ಟು ಹತ್ತಲು ಮನಸ್ಸು ಬರಬೇಕಲ್ಲ!

ಆ ಹಿಂಜರಿಕೆಗೆ ದಾರಿ ತೋರಿದ್ದು 2002ರಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ಬೆಂಗಳೂರು ನಗರ ಪೊಲೀಸರು ಜಂಟಿಯಾಗಿ ತೆರೆದ ಹಿರಿಯರ ಸಹಾಯವಾಣಿ 1090. ಇಲ್ಲಿ ದೂರು ನೇರ ಮೊಕದ್ದಮೆಯಾಗುವುದಿಲ್ಲ. ಮೊದಲು ಆಪ್ತಸಮಾಲೋಚನೆ, ಮನೆಯವರೊಡನೆ ಮಾತುಕತೆ. ಬಗ್ಗದಿದ್ದರೆ ಪೊಲೀಸರು, ಕಾನೂನು ಸಲಹೆ. 2021ರಲ್ಲಿ ದೇಶವ್ಯಾಪಿಯಾದ 14567 ಎಲ್ಡರ್‌ಲೈನ್ ಇದಕ್ಕಿಂತ ಬೇರೆ. ಎರಡನ್ನೂ ಒಂದೇ ಎಂದು ತಿಳಿಯುವುದುಂಟು.

2007ರ ಕಾಯ್ದೆಯ ಪ್ರಕಾರ ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಜೀವನಾಂಶದ ಅರ್ಜಿ 90 ದಿನಗಳೊಳಗೆ ಇತ್ಯರ್ಥವಾಗಬೇಕು. ಗೊಂದಲವಿರುವುದು 23ನೇ ಕಲಮಿನಲ್ಲಿ: ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವರು ಮಾತು ತಪ್ಪಿದರೆ ಆ ದಾನಪತ್ರ ರದ್ದಾಗಬಹುದು. ಷರತ್ತು ಇತ್ತೆಂಬುದು ಸಾಬೀತಾಗಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಬಿಗಿ ಹಿಡಿಯಿತು. 2025ರ ಜನವರಿ 2ರಂದು ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ದಾನಪತ್ರದ ದಿನವೇ ಮಗ ಬರೆದುಕೊಟ್ಟಿದ್ದ ವಚನಪತ್ರವನ್ನು ಜೊತೆಗಿಟ್ಟು ಓದಿ, ದಾನವನ್ನು ರದ್ದುಪಡಿಸಿ ಆಸ್ತಿಯ ಸ್ವಾಧೀನವನ್ನು ತಾಯಿಗೆ ಮರಳಿಸಿತು. ಬೆಂಗಳೂರಿನ ಮೊಕದ್ದಮೆಯೊಂದು ಮತ್ತೊಂದು ಮಗ್ಗುಲನ್ನು ತೋರಿಸಿತು. ಅತ್ತೆ-ಮಾವನ ಅರ್ಜಿಯ ಮೇಲೆ ಸೊಸೆಯನ್ನು ಮನೆ ಬಿಡಿಸಲು ಹೊರಟ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 15ರಂದು ತಳ್ಳಿಹಾಕಿತು: ಹಿರಿಯರ ರಕ್ಷಣೆಗೆ ಅಗತ್ಯವಿದ್ದರೆ ನ್ಯಾಯಮಂಡಳಿ ಮನೆ ಬಿಡಿಸಬಹುದು, ಆದರೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಹೆಣ್ಣಿಗಿರುವ ವಾಸದ ಹಕ್ಕನ್ನು ಈ ನೆಪದಲ್ಲಿ ಕಸಿಯುವಂತಿಲ್ಲ. ಸ್ಥಳೀಯ ಅಧಿಕಾರಿಗಳಿಗೆ ಇದಕ್ಕಿಂತ ಮುಖ್ಯವಾದ ತೀರ್ಪು ಇನ್ನೊಂದಿಲ್ಲ.

ಪ್ರತಿ ಠಾಣೆಗೂ ಹಿರಿಯರಿಗಾಗಿ ಒಬ್ಬ ಪೊಲೀಸ್ ಅಧಿಕಾರಿ ಇರಬೇಕೆಂದ 2019ರ ತಿದ್ದುಪಡಿ ಮಸೂದೆ, ಜೀವನಾಂಶದ ಮಿತಿಯನ್ನೂ ತೆಗೆಯಲು ಹೊರಟಿತ್ತು. 17ನೇ ಲೋಕಸಭೆ ಮುಗಿದರೂ ಅದು ಅಂಗೀಕಾರವಾಗಲಿಲ್ಲ. 2007ರ ಮೂಲ ಕಾಯ್ದೆ ನಿಗದಿಪಡಿಸಿದ ಗರಿಷ್ಠ ಜೀವನಾಂಶ ತಿಂಗಳಿಗೆ 10,000 ರೂಪಾಯಿ.