ಎಚ್‌ಐವಿ ಬಾಧಿತ ಹಿರಿಯರಿಗೆ ಔದ್ಯೋಗಿಕ ಚಿಕಿತ್ಸೆ

ಎಚ್‌ಐವಿ ಸೋಂಕಿನೊಡನೆ ಬಾಳುತ್ತ ಮುಪ್ಪಿಗೆ ಕಾಲಿಟ್ಟವರು ಸ್ನಾನ, ಉಡುಗೆ, ಅಡುಗೆ, ಹೊಲಮನೆಯ ಕೆಲಸಗಳನ್ನು ಸ್ವತಃ ಮಾಡಿಕೊಳ್ಳಲು ನೆರವಾಗುವ ಪುನಶ್ಚೇತನ ಚಿಕಿತ್ಸೆ ಇದು. ಇಲ್ಲಿ ‘ಉದ್ಯೋಗ’ವೆಂದರೆ ಸಂಬಳದ ನೌಕರಿಯಲ್ಲ, ನಿತ್ಯದ ಎಲ್ಲ ಚಟುವಟಿಕೆ. ಎಚ್‌ಐವಿಯ ಸಂದರ್ಭದಲ್ಲಿ 50 ವರ್ಷ ದಾಟಿದವರನ್ನೇ ಸಾಮಾನ್ಯವಾಗಿ ಹಿರಿಯರೆಂದು ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಭಾರತ ಸರ್ಕಾರವು 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಚಿಕಿತ್ಸೆಯನ್ನು ಆರಂಭಿಸಿತು. ಅಂದು ನಡುವಯಸ್ಸಿನಲ್ಲಿದ್ದ ಅನೇಕರು ಇಂದು ವೃದ್ಧರಾಗಿದ್ದಾರೆ. ಆಯುಷ್ಯ ಹೆಚ್ಚಿತಾದರೂ ತೊಂದರೆಗಳು ಉಳಿದವು. ಆರಂಭದ ವರ್ಷಗಳಲ್ಲಿ ಬಳಕೆಯಲ್ಲಿದ್ದ ಸ್ಟಾವುಡಿನ್ ಔಷಧ ಕೆಲವರ ಕೈಕಾಲುಗಳ ನರಗಳಿಗೆ ಹಾನಿ ಮಾಡಿತು. ಟೆನೊಫೊವಿರ್‌ನ ಹಳೆಯ ರೂಪವು ಮೂಳೆಯ ಸಾಂದ್ರತೆಯನ್ನು ತಗ್ಗಿಸಬಲ್ಲದು. ಮರೆವು, ಏಕಾಗ್ರತೆಯ ಕೊರತೆಗಳೂ ಕಾಣಿಸಿಕೊಳ್ಳುತ್ತವೆ.

ವಿಧಾನ

ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಖಜೂರಿಯ ಸುತ್ತಲಿನಂತಹ ತೊಗರಿ, ಜೋಳದ ಸೀಮೆಯಲ್ಲಿ ಚಿಕಿತ್ಸೆ ಅಲ್ಲಿನ ಬದುಕಿಗೆ ಹೊಂದಬೇಕಾಗುತ್ತದೆ. ಪಾದ ಜೋಮು ಹಿಡಿದವರಿಗೆ ತೊಗರಿಯ ಕೂಳೆ ಚುಚ್ಚಿದ್ದೇ ತಿಳಿಯದು. ಆದ್ದರಿಂದ ಮುಚ್ಚಿದ ಪಾದರಕ್ಷೆ, ದಿನವೂ ಸಂಜೆ ಪಾದ ನೋಡಿಕೊಳ್ಳುವ ರೂಢಿ ಅಗತ್ಯ. ನೆಲದಲ್ಲಿ ಕುಳಿತು ರೊಟ್ಟಿ ಬಡಿಯಲಾಗದವರಿಗೆ ಒಲೆಯನ್ನು ಕಟ್ಟೆಗೇರಿಸಬಹುದು. ಮರೆವುಳ್ಳವರ ಮಾತ್ರೆಯ ವೇಳೆಯನ್ನು ರಾತ್ರಿಯೂಟದಂತಹ ತಪ್ಪದ ಅಭ್ಯಾಸಕ್ಕೆ ಜೋಡಿಸಲಾಗುತ್ತದೆ.

ಗೌಪ್ಯತೆ

ಮನೆಭೇಟಿಯೇ ಈ ಚಿಕಿತ್ಸೆಯ ಬಲ, ತೊಡಕೂ ಅದೇ. ಚಿಕ್ಕ ಊರಿನಲ್ಲಿ ಅಪರಿಚಿತರು ಪದೇಪದೇ ಬಂದರೆ ನೆರೆಹೊರೆಯವರು ಕಾರಣ ಕೇಳುತ್ತಾರೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದಿತು. ಅದರಂತೆ ವ್ಯಕ್ತಿಯ ಸೋಂಕಿನ ಸ್ಥಿತಿಯನ್ನು ಸಾಮಾನ್ಯವಾಗಿ ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ಮನೆಗೆ ಬರುವುದನ್ನು ಒಲ್ಲದವರಿಗೆ ಆಸ್ಪತ್ರೆಯಲ್ಲಿಯೇ, ಮಾತ್ರೆ ಪಡೆಯಲು ಬಂದ ದಿನ, ಈ ಕ್ರಮಗಳನ್ನು ಕಲಿಸಬಹುದು.