ಹೊಳೆಯ ಕಡೆ ಮುಖ ಮಾಡಿದ್ದ ಊರುಗಳು

ಕಲಬುರಗಿ ಜಿಲ್ಲೆಯ ಆಳಂದ ಪಟ್ಟಣ ನೋಡಬೇಕೆಂದರೆ 56 ಸಿ/10 ತೆಗೆಯಬೇಕು. ಅಫಜಲಪುರ 56 ಸಿ/8ರಲ್ಲಿದೆ, ದೇವಲ ಗಾಣಗಾಪುರ 56 ಸಿ/12ರಲ್ಲಿ. ಜೇವರ್ಗಿ 56 ಸಿ/16ರ ತೀರ ಕೆಳಗೆ, 17 ಡಿಗ್ರಿ ಅಕ್ಷಾಂಶಕ್ಕೆ ಹತ್ತಿಕೊಂಡು ಕೂತಿದೆ. ಹೀಗಾಗಿ ಆ ತಾಲ್ಲೂಕಿನ ದಕ್ಷಿಣದ ಹಳ್ಳಿಗಳು ಬೇಕಾದವರು 56 ಡಿ ಹಾಳೆಗಳನ್ನೂ ಜೋಡಿಸಿಕೊಳ್ಳಬೇಕು. ಇವು ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳ ಸಂಖ್ಯೆಗಳು. 56 ಎಂದರೆ ನಾಲ್ಕು ಡಿಗ್ರಿ ಉದ್ದಗಲದ ಚೌಕ. ಅದರೊಳಗೆ ಒಂದೊಂದು ಡಿಗ್ರಿಯ ಹದಿನಾರು ಮನೆ, ಪ್ರತಿ ಮನೆಯಲ್ಲಿ ಮತ್ತೆ ಹದಿನಾರು ಹಾಳೆ. ಒಂದು ಹಾಳೆಯಲ್ಲಿ ಸುಮಾರು 27 ಕಿಲೋಮೀಟರ್ ಉದ್ದಗಲದ ನೆಲ ಹಿಡಿಯುತ್ತದೆ. ಮೈಲಿಗೆ ಒಂದು ಅಂಗುಲದಂತೆ ಬರೆದ ಹಳೆಯ ಹಾಳೆಗಳಲ್ಲಿ ಊರು ಕೆಂಪು, ಉಳುವ ನೆಲ ಹಳದಿ, ಏರುತಗ್ಗಿನ ಗೆರೆ ಕಂದು, ನೀರು ನೀಲಿ, ಬೇಸಿಗೆಯಲ್ಲಿ ಒಣಗುವ ಹಳ್ಳ ಕಪ್ಪು. ನಮ್ಮ ಎರಿ ನೆಲದ ಹಾಳೆ ಬಿಡಿಸಿದರೆ ಕಣ್ಣಿಗೆ ಬೀಳುವುದು ಹಳದಿ ಮತ್ತು ಕಪ್ಪು. ನೀಲಿ ಎಂದರೆ ಭೀಮಾ ನದಿಯೊಂದೇ ಅನ್ನುವಷ್ಟು ಕಡಿಮೆ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ಪಠ್ಯದಲ್ಲಿ ಬಹಮನಿಗಳಿದ್ದರು, ನಿಜಾಮರಿದ್ದರು, ಆದರೆ ಮಕ್ಕಳ ಊರು ಇರಲಿಲ್ಲ. ಊರಿನ ಚರಿತ್ರೆ ಬರೆಯಲು ಹೊರಟವನಿಗೆ ನಮ್ಮ ಕಡೆ ಶಾಸನವೂ ಸುಲಭಕ್ಕೆ ಸಿಗುವುದಿಲ್ಲ, ದಫ್ತರವೂ ಸಿಗುವುದಿಲ್ಲ. ಸಿಕ್ಕ ದಫ್ತರ ಉರ್ದುವಿನಲ್ಲಿರುತ್ತದೆ, ಓದಬಲ್ಲವರು ಊರಿಗೊಬ್ಬರೂ ಉಳಿದಿಲ್ಲ. ಇಂಥಲ್ಲಿ ಕಳೆದ ಶತಮಾನದ ನಡುವಿನ ನಕ್ಷೆ ದೊಡ್ಡ ಆಸರೆ. ಅದರಲ್ಲಿ ರಾಜರ ಸುದ್ದಿ ಇಲ್ಲ. ಯಾವ ಹಾದಿ ಎಲ್ಲಿಗೆ ಹೋಗುತ್ತಿತ್ತು, ಯಾವ ಬಾವಿಗೆ ಕಲ್ಲು ಕಟ್ಟಿತ್ತು, ಯಾವುದಕ್ಕೆ ಕಟ್ಟಿರಲಿಲ್ಲ, ಎಲ್ಲಿ ದೋಣಿ ಇತ್ತು, ಎಲ್ಲಿ ಗೋರಿ, ಎಲ್ಲಿ ಈದಗಾ, ಇಂಥವೆಲ್ಲ ಇವೆ.

ಒಂದಂಗುಲದ ಹಾಳೆ ಕೈಗೆ ಸಿಗದವರಿಗೆ ಇನ್ನೊಂದು ದಾರಿಯಿದೆ. ಅಮೆರಿಕದ ಸೈನ್ಯದ ನಕ್ಷೆ ವಿಭಾಗ 1950ರ ದಶಕದಲ್ಲಿ ಇಡೀ ಭಾರತವನ್ನು 1:2,50,000 ಪ್ರಮಾಣದ ಹಾಳೆಗಳಲ್ಲಿ ಅಚ್ಚು ಹಾಕಿಸಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಆ ಲೆಕ್ಕದಲ್ಲಿ ಆಳಂದ ಮತ್ತು ಕಲಬುರಗಿ ಎನ್‌ಇ 43-12ರಲ್ಲಿವೆ. ಅಫಜಲಪುರ ಪಟ್ಟಣ ಮಾತ್ರ ಸೊಲ್ಲಾಪುರದ ಹಾಳೆಯಾದ 43-11ರಲ್ಲಿದೆ. ಅದೇ ತಾಲ್ಲೂಕಿನ ಗಾಣಗಾಪುರ ಮತ್ತೆ 12ಕ್ಕೆ ಬರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಈ ನಮ್ಮ ಮೂರು ತಾಲ್ಲೂಕುಗಳನ್ನು ಒಟ್ಟಿಗೆ ನೋಡಬೇಕೆಂದರೆ ಹಾಳೆಗಳನ್ನು ಮುದ್ರಿಸಿ, ಅಂಚು ಕತ್ತರಿಸಿ, ಅಂಟಿಸಬೇಕು. ನಾನು ಹಾಗೇ ಮಾಡಿ ಗೋಡೆಗೆ ಹಚ್ಚಿದ್ದೇನೆ. ಅವುಗಳ ಅಂಚಿನಲ್ಲಿ ಸ್ಥಳೀಯ ಶಬ್ದಗಳ ಅರ್ಥಕೋಶವೂ ಇರುತ್ತದೆ. ಸಣ್ಣ ಪ್ರಮಾಣದ್ದಾದ್ದರಿಂದ ಬಾವಿ, ಗುಡಿ ಸಿಗುವುದಿಲ್ಲ, ಹಾದಿಗಳು ಸಿಗುತ್ತವೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಆ ಹಾದಿಗಳೇ. ಈಗಿನ ರಸ್ತೆಗಳನ್ನು ನೋಡಿ. ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಕಲಬುರಗಿಗೆ. ಕಚೇರಿ, ಆಸ್ಪತ್ರೆ, ಕಾಲೇಜು ಎಲ್ಲಿದೆಯೋ ಅಲ್ಲಿಗೆ ಬಸ್ಸು. ಹಳೆಯ ನಕ್ಷೆಯ ಬಂಡಿ ಹಾದಿಗಳು ಬೇರೆ ಲೆಕ್ಕ ಹೇಳುತ್ತವೆ. ಭೀಮಾ ತೀರದಲ್ಲಿ ಅವು ಊರಿನಿಂದ ಹೊಳೆಗೆ ಇಳಿಯುತ್ತವೆ, ಆಚೆ ದಡದಲ್ಲಿ ಮತ್ತೆ ಎದ್ದು ಮುಂದಿನ ಊರಿಗೆ ಹೋಗುತ್ತವೆ. ಆಳಂದದ ಪಶ್ಚಿಮಕ್ಕೆ ಹಾದಿಗಳು ಅಕ್ಕಲಕೋಟದ ಕಡೆ ಹಾಯುತ್ತವೆ. ಉಳಿದವು ರೈಲಿನ ಕಡೆ. ಮುಂಬೈ–ಮದ್ರಾಸ್ ರೈಲುಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮೇಲೆ ದುಧನಿ, ಗಾಣಗಾಪುರ ರೋಡ್, ಸಾವಳಗಿ, ಬಬಲಾದ ಇವೆಲ್ಲ ಬಂಡಿಗಳು ಸೇರುವ ಠಾಣೆಗಳಾದವು. ಗಾಣಗಾಪುರದ ದತ್ತನ ದರ್ಶನಕ್ಕೆ ಬಂದವರು ಗಾಣಗಾಪುರ ರೋಡಿನಲ್ಲಿ ಇಳಿದು ಸುಮಾರು 20 ಕಿಲೋಮೀಟರ್ ಬಂಡಿಯಲ್ಲೋ ನಡೆದೋ ಭೀಮಾ–ಅಮರ್ಜಾ ಸಂಗಮಕ್ಕೆ ಬರುತ್ತಿದ್ದರು. ಇಂದಿಗೂ ಅಫಜಲಪುರ, ಆಳಂದದ ರೈತ ತೊಗರಿ ಚೀಲ ಹೇರಿಕೊಂಡು ರಾಜ್ಯ ದಾಟಿ ಮಹಾರಾಷ್ಟ್ರದ ದುಧನಿ ಮಾರುಕಟ್ಟೆಗೆ ಹೋಗುತ್ತಾನೆ. ಹೊರಗಿನವರಿಗೆ ಇದು ವಿಚಿತ್ರ ಕಾಣಬಹುದು. ನಕ್ಷೆ ನೋಡಿದವರಿಗೆ ಅದು ಅಜ್ಜನ ಹಾದಿ.

ಈ ಹಾದಿಗಳು ದಾಟುತ್ತಿದ್ದದ್ದು ಸಾಮಾನ್ಯ ಗಡಿಯಲ್ಲ. ಹೈದರಾಬಾದ್ ಸಂಸ್ಥಾನ ಭಾರತದ ಕೈಗೆ ಬಂದ 1948ರ ಸೆಪ್ಟೆಂಬರ್ 17ರವರೆಗೆ ಭೀಮಾದ ಈಚೆ ದಡದ ಅಫಜಲಪುರ ನಿಜಾಮರದು, ಆಚೆ ದಡದ ಇಂಡಿ, ಸಿಂದಗಿ ಮುಂಬೈ ಪ್ರಾಂತದ್ದು. ಜೇವರ್ಗಿಯಿಂದ ಪಶ್ಚಿಮಕ್ಕೆ ನಡೆದರೂ ಅದೇ ಗಡಿ. ಅಕ್ಕಲಕೋಟ ಬೇರೆಯೇ ಸಂಸ್ಥಾನ. ಈಚೆ ನಿಜಾಮರ ಹಾಲಿ ಸಿಕ್ಕಾ ನಾಣ್ಯ, ಆಚೆ ಬ್ರಿಟಿಷರ ಕಲದಾರ ರೂಪಾಯಿ, ನಡುವೆ ಕರೋಡಗಿರಿ ಎಂಬ ಸುಂಕ ಇಲಾಖೆಯ ನಾಕೆಗಳು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ನಡೆಸಿದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ಆಚೆಯ ಸಿಂದಗಿಯಲ್ಲಿ, ಹೋರಾಡಿದ್ದು ಈಚೆಯ ಜನರಿಗಾಗಿ. ನಿಜಾಮರ ಪರ ನಿಂತ ರಜಾಕಾರರ ಕಾಲದಲ್ಲಿ ಹೋರಾಟಗಾರರು ಶಿಬಿರ ಹೂಡಿದ್ದು ಗಡಿಯ ಆಚೆ. ರಾತ್ರಿ ದಾಟಿ ಬಂದು ಬೆಳಗಾಗುವುದರೊಳಗೆ ಮರಳಲು ಹಾದಿ ಬೇಕಲ್ಲ? ಕಾಲುಹಾದಿಗಳ ತುಂಡುಗೆರೆಗಳನ್ನು ಗಡಿಯ ಚುಕ್ಕೆಗೆರೆಯ ಜೊತೆಗಿಟ್ಟು ನೋಡಿದರೆ ಆ ಹೋರಾಟ ಯಾವ ಊರುಗಳ ನಡುವೆ ಸಾಧ್ಯವಿತ್ತು ಎಂಬುದು ಗೋಚರಿಸುತ್ತದೆ. ಗೆದ್ದವರ ಹೆಸರನ್ನು ಪುಸ್ತಕಗಳು ಬರೆದಿವೆ, ಹಾದಿ ತೋರಿಸಿದವರದನ್ನು ಬರೆದಿಲ್ಲ.

ಭೀಮಾ ದಂಡೆಯ ಒಂದು ಹಳ್ಳಿಗೆ ನಕ್ಷೆ ಹಿಡಿದು ಹೋದೆ. ದೋಣಿ ಕಡವೆಂದು ಗುರುತು ಹಾಕಿದ ಜಾಗದಲ್ಲಿ ಈಗ ಜಾಲಿಕಂಟಿ ಬೆಳೆದಿದೆ. ಸರಿಸಿದರೆ ಕೆಳಗೆ ಕಲ್ಲಿನ ಮೆಟ್ಟಿಲು, ಹುಟ್ಟು ಒರಗಿಸಿ ಒರಗಿಸಿ ಒಂದು ಅಂಚು ನುಣುಪಾಗಿದೆ. ಊರ ಅಗಸಿಯೂ ಆ ಕಡೆಗೇ ಇದೆ. ಬಸ್ಸು ನಿಲ್ಲುವುದು ಹಿತ್ತಲ ಬದಿ. ಅಂಬಿಗರ ಮನೆಯ ಮುತ್ಯಾ ಒಬ್ಬರನ್ನು ಕೂರಿಸಿಕೊಂಡು ಹಾಳೆ ಬಿಡಿಸಿದೆ. ಅಕ್ಷರ ಅವರಿಗೆ ಬರುವುದಿಲ್ಲ. ಹೊಳೆಯ ಬಾಗು ನೋಡಿ ತಮ್ಮ ಊರನ್ನು ತಾವೇ ಹಿಡಿದರು.

“ಮುತ್ಯಾ, ಹರಗೋಲಿಗಿ ಎಷ್ಟು ತಗೋತಿದ್ರಿ?”

“ರೊಕ್ಕ ಎಲ್ಲಿದ್ವು ಮಾಸ್ತರ? ಸುಗ್ಗ್ಯಾಗ ಕಣಕ್ಕ ಹೋಗ್ತಿದ್ವಿ, ಜ್ವಾಳ ಕೊಡ್ತಿದ್ರು. ಆಚಿ ದಂಡಿಯವರೂ ಕೊಡ್ತಿದ್ರು. ಹೆಣ್ಣು ಕೊಟ್ಟವರು, ತಂದವರು ಎಲ್ಲಾರೂ ಅಲ್ಲೇ ಅದಾರ.”

ಈ ಕೊನೆಯ ಮಾತು ನನ್ನ ಕಣ್ಣು ತೆರೆಸಿತು. ಎರಡು ಆಡಳಿತಗಳ ನಡುವಿನ ಗಡಿ ಎಂದು ನಾವು ತರಗತಿಯಲ್ಲಿ ಓದುತ್ತಿದ್ದದ್ದು ಈ ಊರಿಗೆ ಬೀಗರ ಮನೆಯ ಹಾದಿ. ಸೇತುವೆ ಬಂದ ಮೇಲೆ ದೂರ ಕಡಿಮೆಯಾಯಿತು ಅಂದುಕೊಳ್ಳುತ್ತೇವೆ. ಆದರೆ ಕಡವಿನ ಎದುರು ಊರಿಗೆ ಈಗ ಸೇತುವೆ ಸುತ್ತಿ ಹೋಗಬೇಕು. ಮದುವೆ ಸಂಬಂಧಗಳು ಕೂಡ ರಸ್ತೆಯ ಕಡೆ ತಿರುಗಿವೆ. 1980ರಲ್ಲಿ ಮೇಲ್ಗಡೆ ಉಜನಿ ಅಣೆಕಟ್ಟು ಮುಗಿಯಿತು, ಆಮೇಲೆ ನಮ್ಮ ಕಡೆ ಸೊನ್ನದಂಥ ಬ್ಯಾರೇಜುಗಳು ಬಂದವು. ಹೊಳೆಯ ನಡೆಯೇ ಬದಲಾಯಿತು. 2020ರ ಅಕ್ಟೋಬರಿನ ಪ್ರವಾಹದಲ್ಲಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳು ಮುಳುಗಿದಾಗ ನಾನು ಮೊದಲು ನೋಡಿದ್ದು ಹಳೆಯ ಹಾಳೆಯ ಏರುತಗ್ಗಿನ ಗೆರೆಗಳನ್ನು. ಹಿಂದಿನವರು ಮನೆ ಕಟ್ಟಿದ್ದ ದಿನ್ನೆ ಯಾವುದು, ಆಮೇಲೆ ನಾವು ಕೆಳಗಿಳಿದು ಕಟ್ಟಿಕೊಂಡದ್ದು ಎಲ್ಲಿ ಎಂಬುದನ್ನು ಆ ಗೆರೆಗಳು ಸ್ಪಷ್ಟವಾಗಿ ಹೇಳುತ್ತವೆ. ಪುನರ್ವಸತಿಗೆ ಜಾಗ ಆರಿಸುವವರ ಮೇಜಿನ ಮೇಲೆ ಇಂಥ ಒಂದು ಹಾಳೆ ಇರಲೇಬೇಕು.

ಆಳಂದದ ಕಡೆ ಕಥೆ ಬೇರೆ. ಕೊರಳ್ಳಿ ಹತ್ತಿರ ಅಮರ್ಜಾಕ್ಕೆ ಅಣೆಕಟ್ಟು ಆದ ಮೇಲೆ ಬಂದ ಜಲಾಶಯ ಹಳೆಯ ಹಾಳೆಯಲ್ಲಿ ಇಲ್ಲ. ಬರಿ ಹೊಳೆಯ ಗೆರೆ, ಅದಕ್ಕೆ ಇಳಿಯುವ ಹಳ್ಳಗಳು, ಹಾದಿಗಳು. ನೀರಿನ ಕೆಳಗೆ ಹೋದದ್ದನ್ನು ನೋಡಲು ಉಳಿದ ಕಿಟಕಿ ಅದೊಂದೇ.  

ಟೋಪೋಶೀಟಿನಲ್ಲಿ ಜನವಿರುವ ಊರಿಗೊಂದು ಗುರುತು, ಹಾಳಾದ ಊರಿಗೊಂದು ಗುರುತು. ಕಂದಾಯದವರು ಹಾಳಾದ ಊರನ್ನು ಬೇಚರಾಕ್ ಗ್ರಾಮ ಅನ್ನುತ್ತಾರೆ. ಸರ್ವೆ ನಂಬರು ಇರುತ್ತದೆ, ಪಹಣಿ ಇರುತ್ತದೆ, ಒಂದು ಮನೆಯೂ ಇರುವುದಿಲ್ಲ. ಅಂಥ ಒಂದು ಗುರುತು ಹಿಡಿದು ಹೊಲದಲ್ಲಿ ನಡೆದಾಗ ಮೊದಲು ಸಿಕ್ಕಿದ್ದು ಮಣ್ಣಿನ ಬಣ್ಣ. ಸುತ್ತ ಕಪ್ಪು ಎರಿ, ಇಲ್ಲಿ ಬೂದಿ ಬಣ್ಣದ ಹಾಳ ಮಣ್ಣು. ಸಾಲುಗಳಲ್ಲಿ ಗಡಿಗೆಯ ಚೂರು, ಮುರಿದ ಬೀಸುಕಲ್ಲಿನ ಅರ್ಧ ಹೋಳು. ಒಂದು ಕಡೆ ನೆಲ ಕುಸಿದು ಹಗೇವಿನ ಬಾಯಿ ಕಾಣುತ್ತಿತ್ತು, ಒಳಗೋಡೆಯಲ್ಲಿ ಜೋಳ ತುಂಬುವ ಮುಂಚೆ ಬಳಿದ ಸಗಣಿ–ಮಣ್ಣಿನ ಪದರ ಇನ್ನೂ ಅಂಟಿಕೊಂಡಿತ್ತು. ಅಂಚಿನಲ್ಲಿ ಹಣಮಪ್ಪನ ಗುಡಿ, ಅದರಲ್ಲಿ ಹಿಂದಿನ ಶನಿವಾರದ ಎಣ್ಣೆ. ಪಕ್ಕದ ಊರಿನ ಕೆಲವು ಮನೆತನದವರು ಈಗಲೂ ಅಲ್ಲಿಗೇ ನಡೆದುಕೊಳ್ಳುತ್ತಾರೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಒಬ್ಬರು ಪ್ಲೇಗು ಅನ್ನುತ್ತಾರೆ, ಒಬ್ಬರು ಬಾವಿ ಬತ್ತಿತು ಅನ್ನುತ್ತಾರೆ, ಇನ್ನೊಬ್ಬರು ದರೋಡೆ. ಮೂರನ್ನೂ ಬರೆದುಕೊಳ್ಳಬೇಕು, ಹೇಳಿದವರ ವಯಸ್ಸಿನ ಸಮೇತ.

ನಕ್ಷೆ ಎಲ್ಲವನ್ನೂ ಹೇಳುವುದಿಲ್ಲ ಎಂಬುದಕ್ಕೆ ಸನ್ನತಿಗಿಂತ ದೊಡ್ಡ ಸಾಕ್ಷಿ ಬೇಡ. ಚಿತ್ತಾಪುರ ತಾಲ್ಲೂಕಿನ ಆ ಭೀಮಾ ದಂಡೆಯ ಊರಿನಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗಷ್ಟೇ ಅಶೋಕನ ಶಾಸನದ ಕಲ್ಲು ಬೆಳಕಿಗೆ ಬಂತು, ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಬೌದ್ಧ ಸ್ತೂಪವೇ ಎದ್ದಿತು. ಗುಡಿಯ ಚಿಹ್ನೆ ಹಾಕಿದ ಸರ್ವೇಯರನಿಗೆ ಅದರೊಳಗಿನ ಕಲ್ಲು ತಿಳಿಯುವುದು ಹೇಗೆ? ಜೇವರ್ಗಿಯ ಎದುರು ದಂಡೆಯ ಫಿರೋಜಾಬಾದ್ ಹಾಗಲ್ಲ. ಫಿರೋಜ್ ಷಾ ಬಹಮನಿ 1400ರ ಸುಮಾರಿಗೆ ಕಟ್ಟಿಸಿದ ಆ ನಗರದ ಕೋಟೆಗೋಡೆ ಭೀಮಾದ ಬಾಗಿನಲ್ಲಿ ಇಂದಿಗೂ ನಿಂತಿದೆ. ಜಾರ್ಜ್ ಮಿಚೆಲ್, ರಿಚರ್ಡ್ ಈಟನ್ ಅದರ ಮೇಲೆ ಪುಸ್ತಕವನ್ನೇ ಬರೆದರು. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಬಸ್ಸಿನಲ್ಲಿ ಅದರ ಪಕ್ಕ ಹಾಯ್ದಿದ್ದಾರೆ, ಇಳಿದು ನೋಡಿಲ್ಲ.

ಹಾಳೆಯ ಜೊತೆ ಇನ್ನೊಂದು ಕಾಗದ ಇಟ್ಟುಕೊಳ್ಳಬೇಕು: 1954–55ರ ಖಾಸ್ರಾ ಪಹಣಿ. ಹೈದರಾಬಾದ್ ಸೀಮೆಯ ರೈತರು ಜಮೀನಿನ ತಕರಾರು ಬಂದಾಗ ಹುಡುಕುವುದು ಅದನ್ನೇ. 1949ರಲ್ಲಿ ಜಾಗೀರುಗಳು ರದ್ದಾದ ಮೇಲೆ ಯಾರ ಕೈಯಲ್ಲಿ ಯಾವ ನೆಲ ಇತ್ತು ಎಂಬುದು ಅದರಲ್ಲಿದೆ. ನಕ್ಷೆ ಬಾವಿ ತೋರಿಸುತ್ತದೆ, ಪಹಣಿ ಬಾವಿಯ ಒಡೆಯನನ್ನು. ಎರಡನ್ನೂ ಕೂಡಿಸಿದ ಮೇಲೆ ಆ ಬಾವಿಯಲ್ಲಿ ಯಾರಿಗೆ ನೀರು ಸೇದಲು ಬಿಡುತ್ತಿರಲಿಲ್ಲ ಎಂಬುದನ್ನು ಕೇರಿಯ ಹಿರಿಯರ ಬಾಯಿಂದ ಕೇಳಬೇಕು. ಅದು ಯಾವ ಕಾಗದದಲ್ಲೂ ಇಲ್ಲ. ಅದನ್ನು ಬಿಟ್ಟು ಬರೆದ ಊರಿನ ಚರಿತ್ರೆಯನ್ನು ನಾನು ಚರಿತ್ರೆ ಎಂದು ಒಪ್ಪುವುದಿಲ್ಲ.

ಹೊಸದಾಗಿ ಹೊರಡುವವರಿಗೆ ಎರಡು ಮಾತು. ಹಳೆಯ ಹಾಳೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿದರೆ ಊರುಗಳು ಸ್ವಲ್ಪ ಜರುಗಿ ಬೀಳುತ್ತವೆ. ಯಾಕೆಂದರೆ ಹಳೆಯ ಲೆಕ್ಕ ಜಾರ್ಜ್ ಎವರೆಸ್ಟ್ ಹಾಕಿಕೊಟ್ಟ ಭೂಮಿಯ ಅಳತೆಯದು. ರೈಲು ಹಳಿ, ಹೊಳೆಯ ಗಟ್ಟಿ ಬಂಡೆಯ ಬಾಗು, ಹಳೆಯ ದರ್ಗಾ ಇಂಥ ಅಲುಗದ ಗುರುತು ಹಿಡಿದು ಹೊಂದಿಸಿಕೊಳ್ಳಿ. ಇನ್ನು ಅಂಚಿನ ಟಿಪ್ಪಣಿಯಲ್ಲಿ ಅಳತೆ ಮಾಡಿದ ವರ್ಷ ನೋಡದೆ ಮುಂದೆ ಹೋಗಬೇಡಿ. ಅಚ್ಚಾದ ವರ್ಷಕ್ಕೂ ಅಳೆದ ವರ್ಷಕ್ಕೂ ದಶಕಗಳ ಅಂತರ ಇರಬಹುದು. ಸರ್ವೆ ಇಲಾಖೆ 2017ರಲ್ಲಿ ಹೊಸ ಹಾಳೆಗಳನ್ನು ‘ನಕ್ಷೆ’ ತಾಣದಲ್ಲಿ ಪುಕ್ಕಟೆ ಕೊಡಲು ಶುರು ಮಾಡಿತು. ಹೋಲಿಸಲು ಅವೂ ಬೇಕು.

1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಬಂದು ಜೇವರ್ಗಿ–ಸಿಂದಗಿ ನಡುವಿನ ಗಡಿ ಬರಿ ಜಿಲ್ಲೆಯ ಗಡಿಯಾಯಿತು. ಅಕ್ಕಲಕೋಟದ ಕಡೆಯದು ರಾಜ್ಯದ ಗಡಿಯಾಗಿಯೇ ಉಳಿಯಿತು. ಗಡಿ ವಿವಾದದ ಬಗೆಗಿನ 1967ರ ಮಹಾಜನ ಆಯೋಗ ಅಕ್ಕಲಕೋಟ ಇತ್ತ ಬರಬೇಕೆಂದರೂ ಬರಲಿಲ್ಲ. ಈ ಎರಡು ಗಡಿಗಳ ಮೇಲಿನ ಹಾದಿಗಳು ಆಮೇಲೆ ಏನಾದವು ಎಂಬುದನ್ನು ಈಗ ಬರೆಯುತ್ತಿದ್ದೇನೆ. ಆಳಂದ, ಅಫಜಲಪುರದ ಹಾಳೆಗಳು ಮುಗಿಯುತ್ತ ಬಂದಿವೆ. ಜೇವರ್ಗಿ ಸೀಮೆಯ ಇಜೇರಿ, ಯಡ್ರಾಮಿ, ಅರಳಗುಂಡಗಿ ಕಡೆಯ ಕೆಲಸ ಬಾಕಿಯಿದೆ. ಆ ಕಡೆ ಎಂಬತ್ತು ದಾಟಿದ ಮುತ್ಯಾ, ಆಯಿ ಇರುವ ಮನೆಯವರು ನನಗಾಗಿ ಕಾಯಬೇಡಿ. ಸಿಂದಗಿಗೆ ನಡೆದು ಹೋಗುತ್ತಿದ್ದ ಹಾದಿ ಯಾವುದು, ನಾಕೆ ಎಲ್ಲಿತ್ತು, ರಾತ್ರಿ ಯಾರ ಮನೆಯಲ್ಲಿ ತಂಗುತ್ತಿದ್ದರು ಎಂದು ಈ ವರ್ಷವೇ ಕೇಳಿ ಬರೆದಿಡಿ.