ವೀರೇಶ್ವರ ಪುಣ್ಯಾಶ್ರಮ, ಗದಗ

ಗದಗ-ಬೆಟಗೇರಿ ಅವಳಿ ನಗರದಲ್ಲಿ ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಮೂರನ್ನೂ ಉಚಿತವಾಗಿ ಕೊಡುತ್ತ ಬಂದ ಗುರುಕುಲ. ಕಟ್ಟಿದವರು ಪಂಚಾಕ್ಷರ ಗವಾಯಿಗಳು (1892–1944), ಬೆಳೆಸಿದವರು ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ಅಂಧರು. ಉಪಕರಣ ಬಂದರೆ ಸಮಾಜ ತಾನೇ ಬದಲಾಗುತ್ತದೆ ಎಂಬ ನಂಬಿಕೆಗೆ ಈ ಸಂಸ್ಥೆ ಒಳ್ಳೆಯ ತಿದ್ದುಪಡಿ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಬ್ರೈಲ್ ಲಿಪಿ ರೂಪುಗೊಂಡದ್ದು 1951ರಲ್ಲಿ, ಪಂಚಾಕ್ಷರರು ತೀರಿಕೊಂಡು ಏಳು ವರ್ಷಗಳ ಮೇಲೆ. ಅಷ್ಟರಲ್ಲಿ ಗುರು, ತಂಬೂರಿ, ಬಾಯಿಪಾಠಗಳೇ ಒಂದು ಶಿಷ್ಯ ಪರಂಪರೆಯನ್ನು ಕಟ್ಟಿದ್ದವು. ಹಾಗೆಂದು ಬ್ರೈಲ್ ತಂತ್ರವನ್ನು ಹಗುರವಾಗಿ ಕಾಣುವಂತಿಲ್ಲ. ದಪ್ಪ ಕಾಗದದ ಮೇಲೆ ಮೊನಚು ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಿ, ಹಾಳೆ ಮಗುಚಿ ಎಡದಿಂದ ಬಲಕ್ಕೆ ಬೆರಳಾಡಿಸಿದರೆ ಓದು. ಆರೇ ಚುಕ್ಕಿಗಳ ಆಟ. ಕಿವಿಯ ವಿದ್ಯೆಗೆ ಇದರಿಂದ ಕೈಬರಹ ದಕ್ಕಿತು.

ಅಂಧರನ್ನು ಹಾಡಿಗೇ ಕಟ್ಟಿಹಾಕಿದಂತಾಗಲಿಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಎಲ್ಲರಿಗೂ ಕಂಠ ಒಲಿಯುವುದಿಲ್ಲ. ಆದರೆ ಭಿಕ್ಷೆಯೇ ಗತಿ ಎನ್ನುತ್ತಿದ್ದ ಕಾಲದಲ್ಲಿ ಇದು ಮರ್ಯಾದೆಯ ದುಡಿಮೆಯಾಯಿತು. ಬಸವರಾಜ ರಾಜಗುರು, ಎಂ. ವೆಂಕಟೇಶಕುಮಾರ್ ಅವರಂಥ ಕಣ್ಣುಳ್ಳ ಗಾಯಕರೂ ಈ ಅಂಧ ಗುರುಗಳ ಮುಂದೆ ಕುಳಿತು ಕಲಿತರು. ಖರ್ಚಿಗೆಂದು ಆಶ್ರಮ ನಾಟಕ ಕಂಪನಿಯನ್ನೇ ನಡೆಸಿತು. ಊರೂರಿನ ಟಿಕೆಟ್ ದುಡ್ಡು ಮಕ್ಕಳ ಊಟಕ್ಕಾಯಿತು.